ರೇಡಿಯೇಟರಿನೊಳಗೆ ಭಂಡಾರ

ಮೊನ್ನೆ ಉಮರ್ಗಾದ ಔಷಧ ಅಂಗಡಿಯಲ್ಲಿ ಕೆಮ್ಮಿನ ಔಷಧ ಕೇಳಿದೆ. ಅಂಗಡಿಯವರು ಬಾಟಲಿ ಮುಂದಿಟ್ಟು ಬೆಲೆ ಹೇಳುತ್ತಿದ್ದಂತೆ ನನ್ನ ಬಾಯಿ ನನ್ನ ಅಪ್ಪಣೆಗೂ ಕಾಯದೆ, "ಇದರಾಗ ಲೋಕಲ್ ಮಾಲ್ ಇಲ್ಲೇನ್ರಿ? ಸೆಕೆಂಡ್ ಹ್ಯಾಂಡ್ ಇದ್ರೂ ನಡೀತದ" ಎಂದುಬಿಟ್ಟಿತು. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಯಾರೋ ಅರ್ಧ ಕುಡಿದು, ಕೆಮ್ಮು ನಿಂತ ಮೇಲೆ ಮಾರಲಿಕ್ಕಿಟ್ಟ ಔಷಧ ಇದೆಯೇ ಎಂದು ನಾನು ಕೇಳಿದ್ದೆ. ಪೂರ್ತಿ ಬೆಲೆ ಕೊಟ್ಟು ತಲೆ ತಗ್ಗಿಸಿ ಹೊರಬಂದೆ. ಆದರೂ ಮೆಟ್ಟಿಲಿಳಿಯುವಾಗ ಮುಚ್ಚಳದೊಳಗಿನ ವಾಷರ್ ಸರಿಯಾಗಿ ಕೂತಿದೆಯೇ ಎಂದು ತಿರುವಿ ನೋಡುವುದನ್ನು ಬಿಡಲಿಲ್ಲ.

ಇದು ಹುಟ್ಟುಗುಣವಲ್ಲ. ಜೀಪು ಸಾಕಿದ್ದರಿಂದ ಹತ್ತಿದ್ದು. ಕುರಿ ಸಾಕುವವರ ಮೈಗೆ ಉಣ್ಣೆಯ ವಾಸನೆ ಹತ್ತುತ್ತದೆ, ಹಳೆ ಗಾಡಿ ಸಾಕುವವರ ನಾಲಗೆಗೆ ಚೌಕಾಸಿ ಹತ್ತುತ್ತದೆ. ನಾವು ಕುರಿಯವರು, ಮೇಲೆ ಗಾಡಿಯೂ ಇದೆ. ನನಗೆ ಎರಡೂ ಹತ್ತಿವೆ.

ನಮ್ಮ ವಸ್ತಿಯಲ್ಲಿ ಆ ಜೀಪಿಗೆ ಇರುವ ಹೆಸರು "ಭೂಕಂಪದ ಗಾಡಿ". ಭೂಕಂಪವಾದಾಗ ನಾನು ಶಾಲೆಯಲ್ಲಿ ಮೂರನೇ ಇಯತ್ತೆ. ಆಮೇಲಿನ ವರ್ಷಗಳಲ್ಲಿ ನಮ್ಮ ಸೀಮೆಗೆ ಎಲ್ಲೆಲ್ಲಿಂದಲೋ ನೆರವಿನವರು ಬಂದರು. ಕಂಬಳಿ ಕೊಟ್ಟರು. ಕಂಬಳಿ ನೇಯುವವರ ಮನೆಗೂ ಕಂಬಳಿ ಕೊಟ್ಟರು, ಬೇಡ ಅನ್ನಲಿಲ್ಲ. ಕೆಲಸ ಮುಗಿಸಿ ಹೋಗುವಾಗ ಒಬ್ಬರು ತಮ್ಮ ಬಿಳಿ ಜೀಪನ್ನು ಅಗ್ಗಕ್ಕೆ ಮಾರಿದರು. ಅಪ್ಪ ಅದನ್ನು ಉಣ್ಣೆ ಮೂಟೆಗೆ, ಕಾಲು ಮುರಿದ ಮರಿಗಳನ್ನು ಸಾಗಿಸಲಿಕ್ಕೆ ಎಂದು ಕೊಂಡರು. ಕೆಲವು ವರ್ಷ ಓಡಿಸಿ, "ಕುರಿ ತಾನೇ ನಡೀತದ, ಡೀಸೆಲ್ ಕೇಳಂಗಿಲ್ಲ" ಎಂದು ಹಟ್ಟಿಯ ಹಿಂದೆ ನಿಲ್ಲಿಸಿಬಿಟ್ಟರು. ಅಲ್ಲಿಂದ ಅದು ನನ್ನ ಪಾಲಿಗೆ ಬಂತು. ಅದಕ್ಕೆ ಗಟ್ಟಿ ಮಾಡು ಇಲ್ಲ, ತಲೆಯ ಮೇಲೆ ಬರೀ ತಾಡಪತ್ರಿ, ಟಾರ್ಪಾಲಿನ್ನು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಆ ತಾಡಪತ್ರಿಯ ಮೇಲೇ ನಿಂತಿದೆ.

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು, ಸಂಕೋಚವೇನಿಲ್ಲ. ಕಾಲೇಜಿನಲ್ಲಿ ನಾನು ವಾದವಿವಾದ ಸ್ಪರ್ಧೆಯ ಹುಡುಗಿ. ಲಾತೂರಿನಲ್ಲಿ ಗೆದ್ದೆ, ಸೋಲಾಪುರದಲ್ಲಿ ಗೆದ್ದೆ. ನಮ್ಮ ಕಡೆ ಬಹುಮಾನ ಅಂದರೆ ಸ್ಟೀಲು. ನಾನು ಗೆದ್ದ ಡಬ್ಬಿಗಳಲ್ಲೇ ನಮ್ಮ ಮನೆಯ ಬೇಳೆಕಾಳು ಇಂದಿಗೂ ಕೂತಿವೆ. ತೊಗರಿಬೇಳೆ ಇರುವುದು ಸ್ತ್ರೀ ಶಿಕ್ಷಣದಲ್ಲಿ, ಸಕ್ಕರೆ ಇರುವುದು ಪ್ರಜಾಪ್ರಭುತ್ವದಲ್ಲಿ. ಈಗ ಒಂದು ಕಾಲೇಜಿನಲ್ಲಿ ತಾಸಿನ ಲೆಕ್ಕದ ಸಂಬಳಕ್ಕೆ ತರ್ಕಶಾಸ್ತ್ರ ಹೇಳಿಕೊಡುತ್ತೇನೆ. ಆ ಸಂಬಳದಲ್ಲಿ ಗಾಡಿಗೆ ಕಂಪನಿ ಸಾಮಾನು ಹಾಕುವುದೆಂದರೆ ಕುರಿಗೆ ಗೋಡಂಬಿ ಹಾಕಿದ ಹಾಗೆ.

ಹಾಗಾಗಿ ನಾನೇ ಮೆಕ್ಯಾನಿಕ್ ಆದೆ. ಕಂಪನಿ ಸಾಮಾನು ಬಿಟ್ಟು ಲೋಕಲ್ ಸಾಮಾನಿಗೆ ಇಳಿದೆ. ಲೋಕಲ್ ಬಿಟ್ಟು ಗುಜರಿಗೆ ಇಳಿದೆ. ಗುಜರಿಯೂ ದುಬಾರಿ ಅನ್ನಿಸಿದಾಗ ಮನೆಯಲ್ಲಿ ಏನಿದೆ ಎಂದು ಹುಡುಕತೊಡಗಿದೆ. ಒಮ್ಮೆ ಚಕ್ರದ ಕಡೆಯಿಂದ ಎಣ್ಣೆ ಸೋರುತ್ತಿತ್ತು. ಸೀಲು ಹೋಗಿದೆ ಎಂದರು. ಹಿಂದಿನ ಕಾಲದ ಗಾಡಿಗಳಲ್ಲಿ ಉಣ್ಣೆಯ ಸೀಲೇ ಇರುತ್ತಿತ್ತೆಂದು ಎಲ್ಲೋ ಓದಿದ್ದೆ. ಅಪ್ಪನ ಹಳೆ ಕಂಬಳಿಯಿಂದ ಬಳೆಯಂತೆ ಒಂದು ತುಂಡು ಕತ್ತರಿಸಿ ಕೂಡಿಸಿದೆ. ನಾಲ್ಕು ದಿನ ಎಣ್ಣೆ ನಿಂತಿತು. ಐದನೆಯ ದಿನದಿಂದ ಒಂದು ವಿಚಿತ್ರ ಶುರುವಾಯಿತು. ಚಕ್ರ ಬಿಸಿಯಾದಂತೆ ಕಾದ ಉಣ್ಣೆಯ ವಾಸನೆ ಎದ್ದು, ದಾರಿಯ ಕುರಿನಾಯಿಗಳೆಲ್ಲ ಗಾಡಿಯನ್ನು ತಮ್ಮದೇ ಹಿಂಡಿನ ತಪ್ಪಿಸಿಕೊಂಡ ಕುರಿ ಎಂದು ತಿಳಿದು ಹಟ್ಟಿಯ ಕಡೆಗೆ ಅಟ್ಟತೊಡಗಿದವು. ಕಾಲೇಜಿಗೆ ಹೊರಟವಳು ಎರಡು ಸಲ ಹಟ್ಟಿಗೆ ಮರಳಿದ್ದೇನೆ. ನೀವು ನಗಬಹುದು. ಸೀಲಿನ ದುಡ್ಡು ಉಳಿದದ್ದಂತೂ ಸುಳ್ಳಲ್ಲ.

ಇನ್ನು ಜಕ್ಕವ್ವ ಅತ್ತಿ. ಅಪ್ಪನ ಅಕ್ಕ. ಅಪ್ಪ ಅವ್ವ ಇಬ್ಬರೂ ವರ್ಷದ ಹೆಚ್ಚು ದಿನ ಕುರಿಗಳ ಹಿಂದೆ ಅಡವಿಯಲ್ಲಿರುವುದರಿಂದ ನನ್ನನ್ನು ಸಾಕಿದವಳು, ಬೈದವಳು, ಕಾಲೇಜಿಗೆ ಕಳಿಸಿದವಳು ಅವಳೇ. ಬೀರಪ್ಪನ ಭಕ್ತೆ. ಎದ್ದ ಕೂಡಲೇ ಹಣೆಗೆ ಭಂಡಾರ, ಅಂದರೆ ದೇವರ ಅರಿಶಿಣ ಪುಡಿ, ಹಚ್ಚಿಕೊಳ್ಳದೆ ಚಹಾ ಕುಡಿಯುವುದಿಲ್ಲ. ನಾನು ಚಹಾ ಕುಡಿಯದೆ ಏನನ್ನೂ ನಂಬುವುದಿಲ್ಲ, ಕುಡಿದ ಮೇಲೂ ನಂಬುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಮುಂಜಾನೆ ರೇಡಿಯೋ ಬೇಕಾಗಿರಲಿಲ್ಲ.

ಅತ್ತಿಯ ಎರಡೂ ಕಣ್ಣಿಗೆ ಮೋತಿಬಿಂದು, ಪೊರೆ, ಬಂದಿತ್ತು. ಒಂದು ಪೂರ್ತಿ ಮುಚ್ಚಿತ್ತು, ಇನ್ನೊಂದು ಮುಚ್ಚುತ್ತಿತ್ತು. ಚಹಾಕ್ಕೆ ಉಪ್ಪು ಬೀಳುತ್ತಿತ್ತು. ಒಂದು ದಿನ ಕುರಿಮರಿ ಎಂದು ಪಕ್ಕದವರ ನಾಯಿಯನ್ನು ಎತ್ತಿಕೊಂಡು ಮುದ್ದಾಡಿ, ಅದು ಗುರ್ ಅಂದಾಗ "ಯಾಕೋ ಮರಿಗಿ ಥಂಡಿ ಆಗ್ಯದ" ಎಂದಿದ್ದಳು. ಉದಗೀರದಲ್ಲಿ ಒಬ್ಬ ಕಣ್ಣಿನ ಡಾಕ್ಟರು, ಇನ್ನೂ ತಡಮಾಡಿದರೆ ಕಷ್ಟ, ಒಂದು ರಾತ್ರಿ ದವಾಖಾನೆಯಲ್ಲಿ ಇದ್ದರೆ ಸಾಕು, ಒಂದು ಕಣ್ಣು ಮಾಡಿ ಕಳಿಸುತ್ತೇನೆ ಎಂದಿದ್ದರು. ಆ ಒಂದು ರಾತ್ರಿಯೇ ಆಗದ ಮಾತಾಗಿತ್ತು.

ಭೂಕಂಪದ ಆ ನಸುಕಿನಲ್ಲಿ ಅತ್ತಿ ಮಲಗಿದ್ದ ಕಡೆಯ ಮಣ್ಣಿನ ಮಾಳಿಗೆ ಕುಸಿದಿತ್ತು. ಅವಳನ್ನು ಎಳೆದು ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅದರ ಬಗ್ಗೆ ಅವಳು ಹೇಳುವುದು ಇಷ್ಟೇ: "ಮಣ್ಣು ಭಾಳ ಭಾರ ಇರ್ತದವ್ವ." ಅಂದಿನಿಂದ ಅವಳು ಗಟ್ಟಿ ಮಾಡಿನ ಕೆಳಗೆ ಮಲಗಿಲ್ಲ. ನಮಗೆ ಸಿಕ್ಕ ಸ್ಲ್ಯಾಬಿನ ಹೊಸ ಮನೆಯಲ್ಲಿ ಮರಿಗಳು ಮಲಗುತ್ತವೆ, ಅತ್ತಿ ಅಂಗಳದಲ್ಲಿ ಜೋಳದ ದಂಟಿನ ಛಪ್ಪರದ ಕೆಳಗೆ. ಮಳೆ ಬಂದರೆ ಕಂಬಳಿ ಕೊಪ್ಪೆ.

ಮೂರು ವರ್ಷ ನಾನು ವಾದಿಸಿದೆ. ಕಬ್ಬಿಣದ ಸರಳು, ಸಿಮೆಂಟು, ಕಂಬ ತೊಲೆಗಳ ಬಗ್ಗೆ ಓದಿಕೊಂಡು ಬಂದು ವಾದಿಸಿದೆ. ಮಣ್ಣಿನ ಮಾಳಿಗೆಗೂ ಸ್ಲ್ಯಾಬಿಗೂ ಇರುವ ವ್ಯತ್ಯಾಸವನ್ನು ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದೆ. ಅತ್ತಿ ಎಲ್ಲ ಕೇಳಿ, "ಚಂದ ಮಾತಾಡ್ತಿ ಶೋಭಿ. ಗಂಟಲ ಒಣಗ್ಯದ, ನೀರ್ ಕುಡಿ. ಆ ಮ್ಯಾಗಿನ ರೊಟ್ಟಿ ಇತ್ತ ಕೊಡು" ಎನ್ನುತ್ತಿದ್ದಳು. ಎರಡು ಸಲ ತಾರೀಖು ಗೊತ್ತು ಮಾಡಿ ಎರಡು ಸಲ ಬಿಟ್ಟಾಯಿತು.

ಆಮೇಲೆ ಒಂದು ದಿನ ತಾನಾಗೇ ಹೇಳಿದಳು. "ನಿನ್ನ ಗಾಡಿ ತಲಿ ಮ್ಯಾಲ ತಾಡಪತ್ರಿ ಅದ ಹೌದಲ್ಲೊ? ಬಿದ್ರೂ ಏನಾಗಂಗಿಲ್ಲ. ದವಾಖಾನಿ ಅಂಗಳದಾಗ ಗಾಡಿ ನಿಂದರಸು. ಕಣ್ಣು ಒಳಗ ಮಾಡ್ಲಿ, ರಾತ್ರಿ ನಾ ಗಾಡ್ಯಾಗ ಮಲಗ್ತೀನಿ. ಡಾಕ್ಟರ್ ಹೂಂ ಅಂದ್ರ ಬರ್ತೀನಿ, ಇಲ್ಲಂದ್ರ ಇಲ್ಲ."

ಡಾಕ್ಟರಿಗೆ ಫೋನು ಮಾಡಿದೆ. ಅವರು ಜೋರಾಗಿ ನಕ್ಕು, ಬಿಳಿ ಚಾದರ ಹಾಸಿ, ಧೂಳು ಇರಬಾರದು ಎಂಬ ಕರಾರಿನ ಮೇಲೆ ಒಪ್ಪಿದರು. ಮೂರನೆಯ ಸಲ ತಾರೀಖು ಸಿಕ್ಕಿತು. ಅಂದರೆ, ನನ್ನ ಮೂರು ವರ್ಷದ ವಾದದಿಂದ ಆಗದ್ದು ಒಂದು ತಾಡಪತ್ರಿಯಿಂದ ಆಯಿತು. ಅತ್ತಿಯ ಕಣ್ಣು ಈಗ ನನ್ನ ಜೀಪಿನ ಕೈಯಲ್ಲಿತ್ತು.

ಅದೇ ವಾರ ಜೀಪಿನ ರೇಡಿಯೇಟರ್ ಸೋರತೊಡಗಿತು.

ತುರೋರಿಯ ಹೆದ್ದಾರಿ ಬದಿಯಲ್ಲಿ ರಸೂಲ್ ಮಾಮುವಿನ ಗುಜರಿ ಇದೆ. ಅಪಘಾತವಾದ ಗಾಡಿಗಳನ್ನು ಕೊಂಡು, ಬಿಚ್ಚಿ, ಕಣ್ಣು ಕಿವಿ ಬೇರೆ ಮಾಡಿ ಮಾರುತ್ತಾರೆ. ನಾನು ಹೋದರೆ ಮೊದಲು ಚಹಾ ತರಿಸುತ್ತಾರೆ, ಆಮೇಲೆ ನಿಟ್ಟುಸಿರು ಬಿಡುತ್ತಾರೆ. ಅಂದು ತಗಡಿನ ರಾಶಿಯ ಕೆಳಗಿಂದ ಒಂದು ರೇಡಿಯೇಟರ್ ಎಳೆದು ಮುಂದಿಟ್ಟರು.

"ನೋಡು ಬೇಟಿ. ಮಾಲಕ ಹೋಗ್ಯಾನ, ರೇಡಿಯೇಟರ್ ಜಿಂದಾ ಅದ."

ಬೆಲೆ ಹೇಳಿದರು. ನ್ಯಾಯವಾದ ಬೆಲೆಯೇ. ಆದರೆ ನ್ಯಾಯವಾದ ಬೆಲೆಗೆ ಒಪ್ಪುವುದಾದರೆ ನಾನು ಇಷ್ಟೆಲ್ಲ ಸ್ಟೀಲು ಗೆದ್ದದ್ದು ಯಾಕೆ? ಶುರು ಮಾಡಿದೆ. "ಮಾಮು, ಈ ನಮೂನಿ ಜೀಪು ಈ ತಾಲೂಕಿನಾಗ ನನ್ನದೊಂದೇ ಅದ. ಅಂದ್ರ ಈ ಮಾಲ್ ತಗೊಳ್ಳಾಕಿ ನಾ ಒಬ್ಬಾಕಿನೇ. ನಾ ತಗೊಳ್ಳಲಿಲ್ಲಂದ್ರ ಇದು ಬರೇ ತಗಡು. ಆದ್ದರಿಂದ ಬೆಲಿ ಹೇಳಬೇಕಾದಾಕಿ ನಾ, ನೀವಲ್ಲ."

ಮಾಮು ಗಡ್ಡ ಕೆರೆದುಕೊಂಡರು. "ಖರೆ ಅದ. ಬೇಕಾಗಿದ್ದು ನಿನಗೊಬ್ಬಾಕಿಗೇ. ಇರೋದೂ ನನ್ನೊಬ್ಬನ ಬಲ್ಲೇ. ನಾ ಮಾರಲಿಲ್ಲಂದ್ರ ರಾತ್ರಿ ಛಲೋ ನಿದ್ದಿ ಬರ್ತದ. ನೀ ತಗೊಳ್ಳಲಿಲ್ಲಂದ್ರ ನಿನ್ನ ಗಾಡಿಗಿ ನೀರು ನಿಂದ್ರಂಗಿಲ್ಲ. ಈಗ ಹೇಳು, ಗರಜು ಯಾರದು?"

ಸ್ಪರ್ಧೆಯಲ್ಲಾಗಿದ್ದರೆ ಗಂಟೆ ಬಾರಿಸುವವರೆಗೆ ಏನಾದರೂ ಮಾತಾಡುತ್ತ ಉಳಿಯಬಹುದಿತ್ತು. ಇಲ್ಲಿ ಗಂಟೆ ಇರಲಿಲ್ಲ. ಅರ್ಧ ಚಹಾ ಬಿಟ್ಟು ಎದ್ದೆ. ಹಿಂದಿನಿಂದ ಮಾಮು ಕೂಗಿದರು: "ಬೇಟಿ, ನಿನ್ನ ಗಾಡಿಗಿಂತ ನಿನ್ನ ಬಾಯಿದು ಪಿಕಪ್ ಛಲೋ ಅದ! ಸಿಟ್ಟ ಇಳಿಯೋ ತನಕ ನೀರಾಗ ಎರಡು ಚಮಚೆ ಅರಿಶಿಣ ಪುಡಿ ಹಾಕು. ಲಾರಿಯವರು ಹಂಗೇ ಮಾಡ್ತಾರ. ಸಣ್ಣ ತೂತು ಮುಚ್ಚತದ."

ಎರಡು ಚಮಚೆ ಅರಿಶಿಣ! ದಾರಿಯ ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಸಿಗುತ್ತಿತ್ತು. ಗಾಡಿ ನಿಲ್ಲಿಸಲಿಲ್ಲ. ಯಾಕೆಂದರೆ ಮನೆಯಲ್ಲಿ ಬಿಟ್ಟಿ ಅರಿಶಿಣ ಇತ್ತು. ದೇವರ ಜಗಲಿಯ ಕೆಳಗೆ, ನನ್ನದೇ ಡಬ್ಬಿಯಲ್ಲಿ, ಡಬ್ಬಿಯ ತುಂಬ ಭಂಡಾರ. ಆ ಡಬ್ಬಿಯ ಕಥೆಯನ್ನು ಹೇಳದಿದ್ದರೆ ನನ್ನ ಮೂರ್ಖತನದ ಅರ್ಧ ಸೊಗಸು ಹೋಗುತ್ತದೆ. ಲಾತೂರಿನಲ್ಲಿ ಅಂಧಶ್ರದ್ಧೆಯ ಮೇಲಿನ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನವಾಗಿ ಬಂದ ಡಬ್ಬಿ ಅದು. ಆ ಭಾಷಣದಲ್ಲಿ ಚಪ್ಪಾಳೆ ಬಿದ್ದ ವಾಕ್ಯ ಇದು: "ಭಂಡಾರ ಅಂದರೆ ಏನು? ಅರಿಶಿಣ. ನೀವು ಬೇಳೆಗೆ ಹಾಕುವ ಅರಿಶಿಣ, ಗಾಯಕ್ಕೆ ಹಾಕುವ ಅರಿಶಿಣ. ಅದಕ್ಕಿಂತ ಒಂದು ಕಾಳು ಹೆಚ್ಚಲ್ಲ, ಒಂದು ಕಾಳು ಕಡಿಮೆಯಲ್ಲ." ಡಬ್ಬಿ ಮನೆಗೆ ತಂದೆ. ಅತ್ತಿ ಕೈಯಿಂದ ತಡವಿ, ಮುಚ್ಚಳ ಬಿಗಿ ಇದೆ ಎಂದು ಮೆಚ್ಚಿ, ಮರುದಿನವೇ ಜಾತ್ರೆಯಿಂದ ಬಂದ ಭಂಡಾರವನ್ನು ಅದರಲ್ಲಿ ತುಂಬಿಟ್ಟಳು.

ನಾನು ತರ್ಕಶಾಸ್ತ್ರದವಳು. ಅರಿಶಿಣ ತೂತು ಮುಚ್ಚುತ್ತದೆ. ಭಂಡಾರ ಅರಿಶಿಣ. ಆದ್ದರಿಂದ ಭಂಡಾರ ತೂತು ಮುಚ್ಚುತ್ತದೆ. ಇಂಥದ್ದನ್ನೇ ದಿನಾ ಹಲಗೆಯ ಮೇಲೆ ಬರೆದು ಹುಡುಗರಿಗೆ ಕಲಿಸುತ್ತೇನೆ. ಮಧ್ಯದ ಹೇಳಿಕೆಯನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ ಎಂದು ಕೇಳಬೇಕು ಎಂದೂ ಕಲಿಸುತ್ತೇನೆ. ಅಂದು ಕೇಳಲಿಲ್ಲ. ಅತ್ತಿ ಮರಿಗಳಿಗೆ ಹಾಲು ಕುಡಿಸಲು ಹೋದಾಗ ಡಬ್ಬಿ ತೆಗೆದು ಎರಡು ಚಮಚೆ ಹಾಕಿದೆ. ಸೋರಿಕೆ ಕಮ್ಮಿಯಾಯಿತು. ಎರಡಕ್ಕೆ ಇಷ್ಟಾದರೆ ಅರ್ಧ ಡಬ್ಬಿಗೆ ಜನ್ಮಕ್ಕೇ ಸರಿಹೋಗಬೇಕಲ್ಲವೇ? ಅರ್ಧ ಡಬ್ಬಿ ಸುರಿದೆ. ಕೆಳಗೆ ಕೂತು ನೋಡಿದರೆ ಒಂದು ಹನಿ ಇಲ್ಲ. ಮುರುಮ ಊರಿನವರೆಗೆ ಹೋಗಿ ಬಂದೆ, ಒಂದು ಹನಿ ಇಲ್ಲ. ಗಾಡಿ ಓಡಿಸುತ್ತಲೇ ರಸೂಲ್ ಮಾಮುವಿಗೆ ಹೇಳಬೇಕಾದ ಮಾತುಗಳನ್ನು, ಎಲ್ಲಿ ನಿಲ್ಲಬೇಕು ಎಲ್ಲಿ ನಗಬೇಕು ಎನ್ನುವುದರ ಸಮೇತ, ಬಾಯಿಪಾಠ ಮಾಡಿಕೊಂಡೆ. ದೇವರ ಗಂಟನ್ನು ವಿಜ್ಞಾನಕ್ಕೆ ಬಳಸಿದೆ ಎಂಬ ಪುಳಕ ಬೇರೆ.

ಹೊರಡುವ ದಿನ ಅತ್ತಿ ಮಿಂದು, ಹೊಸ ಇಳಕಲ್ಲು ಸೀರೆ ಉಟ್ಟು, ಓಣಿಗೆಲ್ಲ ಹೇಳಿ ಗಾಡಿ ಹತ್ತಿದಳು. ಹಿಂದಿನ ಸೀಟಿನಲ್ಲಿ ಬಿಳಿ ಚಾದರ, ಕಂಬಳಿ, ತಲೆದಿಂಬು. ಕಾಸಾರ ಶಿರಸಿಯವರೆಗೆ ಹಾಡಿಕೊಂಡೇ ಇದ್ದಳು. ನಿಲಂಗಾ ದಾಟಿತು. ಮಧ್ಯಾಹ್ನದೊಳಗೆ ಉದಗೀರ ಮುಟ್ಟಬೇಕಿತ್ತು, ಹೊತ್ತು ಬೇಕಾದಷ್ಟಿತ್ತು. ಆಗ ಬಿಸಿಯ ಮುಳ್ಳು ಮೇಲೇರಿತು. ನಾನು ಮುಳ್ಳನ್ನು ನಂಬಲಿಲ್ಲ, ಯಾಕೆಂದರೆ ಅದನ್ನೂ ಗುಜರಿಯಿಂದಲೇ ತಂದಿದ್ದೆ. ಇನ್ನೆರಡು ಮೈಲಿ ಹೋಗುವುದರಲ್ಲಿ ಬಾನೆಟ್ಟಿನ ಸಂದಿಯಿಂದ ಹೊಗೆ, ಎಂಜಿನಿನಿಂದ ಮುದುಕರ ಕೆಮ್ಮಿನಂಥ ಸದ್ದು, ಗಾಡಿ ನಿಂತೇಬಿಟ್ಟಿತು.

ತುಸು ಆರಲು ಬಿಟ್ಟು, ಬಟ್ಟೆ ಸುತ್ತಿ, ರೇಡಿಯೇಟರಿನ ಮುಚ್ಚಳ ತಿರುವಿದೆ. ಒಳಗಿಂದ ನೀರು ಬರಲಿಲ್ಲ. ಹಳದಿಯಾದ, ದಪ್ಪನೆಯ, ಕೊತಕೊತ ಕುದಿಯುವ ಏನೋ ಒಂದು ನಿಧಾನವಾಗಿ ಉಬ್ಬಿ ಬಂದು ಅಂಚಿನ ಮೇಲೆ ಕೂತಿತು. ಘಮ್ಮೆಂದಿತು. ಆ ವಾಸನೆಯನ್ನು ಗುರುತಿಸಲು ನಮ್ಮ ಕಡೆಯ ಯಾರಿಗೂ ತರ್ಕ ಬೇಕಾಗಿಲ್ಲ. ಅದು ಜುಣಕ. ರೊಟ್ಟಿಗೆ ಹಚ್ಚಿಕೊಳ್ಳುವ ಕಡಲೆಹಿಟ್ಟಿನ ಜುಣಕ. ನನ್ನ ಭಂಡಾರದಲ್ಲಿ ಅರಿಶಿಣ ಇದ್ದಿದ್ದರೆ ಹೆಸರಿಗಷ್ಟೇ. ಉಳಿದದ್ದೆಲ್ಲ ಬಣ್ಣ ಹಾಕಿದ ಹಿಟ್ಟು, ಮತ್ತು ನಾನು ಅದನ್ನು ಅರವತ್ತು ಕಿಲೋಮೀಟರ್ ಹದವಾಗಿ ಬೇಯಿಸಿದ್ದೆ.

ಹಿಂದಿನಿಂದ ಅತ್ತಿಯ ದನಿ ಬಂತು. "ಶೋಭೀ, ಜುಣಕದ ವಾಸ್ನಿ ಬರ್ಲತ್ತದ. ಧಾಬಾ ಅದ ಏನು ಇಲ್ಲಿ?"

"ಹೌದತ್ತಿ," ಅಂದೆ. ಸುತ್ತ ಎರಡು ಮೈಲಿ ತೊಗರಿ ಹೊಲ ಬಿಟ್ಟರೆ ಏನೂ ಇರಲಿಲ್ಲ.

"ಒಗ್ಗರಣಿ ಹಾಕಿಲ್ಲ ಅಂತ ಹೇಳು ಅವರಿಗಿ. ಹಸಿ ಹಸಿ ನಾರ್ಲತ್ತದ."

ಕೈಹಾಕಿ ಬಾಚಿದೆ. ಕಡ್ಡಿಯಿಂದ ಕೆದಕಿದೆ. ಕುಡಿಯುವ ನೀರೆಲ್ಲ ಸುರಿದೆ. ಜುಣಕ ಇನ್ನಷ್ಟು ತೆಳುವಾಗಿ, ಇನ್ನಷ್ಟು ರುಚಿಯಾಗಿ ಕಾಣಿಸಿತೇ ಹೊರತು ನೀರು ಒಳಗೆ ಇಳಿಯಲಿಲ್ಲ. ಮುಂದಿನ ವಾರ ರಸೂಲ್ ಮಾಮು ಗಾಡಿಯನ್ನು ಎಳೆಸಿಕೊಂಡು ಹೋಗಿ, ರೇಡಿಯೇಟರ್ ಬಿಚ್ಚಿ ಬೋರಲು ಹಾಕಿ ಬಡಿದಾಗ ಹಳದಿ ಗಟ್ಟಿಗಳು ಒಂದೊಂದಾಗಿ ಬಿದ್ದವು. ಮಾಮು ಒಂದನ್ನು ಎತ್ತಿ ಮೂಸಿ, ಬಹಳ ಗಂಭೀರವಾಗಿ, "ಬೇಟಿ, ಮೊದಲೇ ಹೇಳಿದ್ರ ನಾ ರೊಟ್ಟಿ ತರ್ತಿದ್ದೆ" ಎಂದರು. ಮೊದಲು ಬಿಟ್ಟು ಬಂದಿದ್ದ ಗುಜರಿ ರೇಡಿಯೇಟರನ್ನೇ ಅವರು ಹೇಳಿದ್ದ ಬೆಲೆಗೇ ತೆಗೆದುಕೊಂಡೆ. ಬಾಯಿಪಾಠ ಮಾಡಿದ್ದ ಮಾತುಗಳು ಹಾಗೇ ಉಳಿದಿವೆ, ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ, ಒಮ್ಮೆಯೂ ಬಳಸಿಲ್ಲ.

ಅದು ಮುಂದಿನ ವಾರದ ಮಾತು. ಅಂದು ರಸ್ತೆಯ ಮೇಲೆ ನನಗೆ ನಗು ಬರಲಿಲ್ಲ. ಹಿಂದಿನ ಸೀಟಿನ ಬಳಿ ಹೋಗಿ ನಿಂತೆ.

"ಅತ್ತಿ, ಗಾಡಿ ನಡಿಯಂಗಿಲ್ಲ."

"ದುರಸ್ತಿ ಮಾಡು."

"ಆಗಂಗಿಲ್ಲ. ವಾಪಸ್ ಹೋಗಮು. ಇನ್ನೊಂದು ತಾರೀಖು ಕೇಳ್ತೀನಿ."

ಅವಳು ಚಾದರದ ಅಂಚನ್ನು ಬೆರಳಿಂದ ಮಡಚುತ್ತ ಕೂತಳು. "ಗಾಡಿ ಇಲ್ಲಂದ್ರ ರಾತ್ರಿ ಎಲ್ಲಿ ಮಲಗಲಿ?"

ಸರಳು, ಸಿಮೆಂಟು, ಕಂಬ, ತೊಲೆ ಎಲ್ಲ ನಾಲಗೆಯ ತುದಿಗೆ ಬಂದವು. ಹಳದಿ ಕೈ ನೋಡಿಕೊಂಡೆ. ಒಂದು ಡಬ್ಬಿ ಪುಡಿಯಲ್ಲಿ ಏನಿದೆ ಎಂದು ತಿಳಿಯದವಳು ಒಂದು ಸ್ಲ್ಯಾಬಿನಲ್ಲಿ ಏನಿದೆ ಎಂದು ಯಾವ ಬಾಯಿಂದ ಹೇಳಲಿ? "ಗೊತ್ತಿಲ್ಲತ್ತಿ," ಅಂದೆ.

ಎದುರಿಗೆ ಒಂದು ಕಬ್ಬಿನ ಲಾರಿ ಹೋಯಿತು. ಆಮೇಲೆ ಅವಳು ಗಂಟು ಕಟ್ಟತೊಡಗಿದಳು.

"ಓಣಿ ಮಂದಿಗಿ ಎಲ್ಲಾ ಹೇಳಿ ಬಂದೀನಿ. ಈಗ ತಿರುಗಿ ಹೋದ್ರ ಏನಂತಾರ? ಶೋಭಿ ಗಾಡಿ ನಡುದಾರ್ಯಾಗ ಕೈ ಕೊಡ್ತು ಅಂತ ಹಲ್ಲು ಕಿಸೀತಾರ. ನನ್ನ ಕಣ್ಣು ಇನ್ನೂ ನಾಕು ದಿನ ತಡೀತಾವ, ನಿನ್ನ ಮರ್ಯಾದಿ ತಡಿಯಂಗಿಲ್ಲ. ನಡಿ, ಬಸ್ ತರುಬು."

ಹೀಗೆ, ನಾನು ಅವಳ ಕಣ್ಣು ಉಳಿಸಲು ಹೊರಟಿದ್ದೆ, ಅವಳು ನನ್ನ ಮರ್ಯಾದೆ ಉಳಿಸಲು ಉದಗೀರದ ಎಸ್‌ಟಿ ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಪಕ್ಕದ ಸೀಟಿನ ಮರಾಠಿ ಹೆಂಗಸೊಬ್ಬಳು ನನ್ನ ಎರಡೂ ಕೈಗಳ ಹಳದಿಯನ್ನು ಕಣ್ಣು ತುಂಬ ನೋಡಿ, "ಹಳದ ಕಧೀ ಲಾಗಲೀ ಗಂ ಬಾಳಾ?" ಎಂದು ಕೇಳಿದಳು. ಮದುವೆಯ ಅರಿಶಿಣ ಯಾವಾಗ ಹಚ್ಚಿದರು ಮಗಳೇ ಎಂದು.

"ಏನಂತಾಳಾಕಿ?" ಎಂದಳು ಅತ್ತಿ.

"ನನ್ನ ಮದವಿ ಯಾವಾಗ ಅಂತ ಕೇಳ್ಲತ್ತಾಳ."

"ಗಾಡಿ ಜೋಡಿ ಆಗ್ಯದ, ಈಗ ಸಂಬಂಧ ಕಡಕೊಳ್ಳಲಿಕ್ಕ ಸೋಡಚೀಟಿ ನಡದದ ಅಂತ ಹೇಳು."

ಮಧ್ಯಾಹ್ನ ಕಣ್ಣಿನ ಕೆಲಸ ಸಲೀಸಾಗಿ ಆಯಿತು. ನನಗೆ ಕಷ್ಟವಾದದ್ದು ಆಮೇಲೆ. ಅತ್ತಿ ಬಾಗಿಲ ಬಳಿಯ ಮಂಚವನ್ನೇ ಕೇಳಿ ಪಡೆದಳು. ಸ್ಟೂಲಿನ ಮೇಲೆ ಅಂಚಿನವರೆಗೆ ನೀರು ತುಂಬಿದ ಲೋಟ ಇಡಿಸಿದಳು. "ನೀ ಇದನ್ನ ನೋಡ್ತಿರು. ನೀರು ಅಳ್ಳಾಡಿದ್ರ ನನ್ನ ಎಬ್ಬಸು, ಓಡಮು" ಎಂದು ನನ್ನ ಮಣಿಕಟ್ಟು ಹಿಡಿದುಕೊಂಡು ಮಲಗಿದಳು. ಭೂಕಂಪದ ಮರುವರ್ಷಗಳಲ್ಲಿ ನಮ್ಮೂರಿನ ಮನೆಮನೆಯಲ್ಲಿ ಇಂಥ ಲೋಟ ಇರುತ್ತಿತ್ತು. ಇದು ಅವೈಜ್ಞಾನಿಕ ಎಂದು ನಾನು ಎಂಟನೇ ಇಯತ್ತೆಯಲ್ಲೇ ಭಾಷಣ ಮಾಡಿದ್ದೆ. ಅಂದು ಇಡೀ ರಾತ್ರಿ ಆ ಲೋಟವನ್ನು ರೆಪ್ಪೆ ಬಡಿಯದೆ ನೋಡಿದೆ. ನಡುವೆ ಒಮ್ಮೆ ದವಾಖಾನೆಯ ಆಳು ಬಂದು ಬಾಯಾರಿಕೆಗೆ ಅದನ್ನು ಗಟಗಟ ಕುಡಿದುಬಿಟ್ಟ. ನಾನು "ಅಯ್ಯಯ್ಯೋ, ಈಗ ನಮಗ ಹ್ಯಾಂಗ ಗೊತ್ತಾಗಬೇಕು?" ಎಂದು ಚೀರಿದೆ. ಅವನು ಏನು ಗೊತ್ತಾಗಬೇಕು ಎಂದು ಕೇಳದೆ ಮತ್ತೆ ತುಂಬಿಸಿ ತಂದಿಟ್ಟ. ಅವನೂ ನಮ್ಮ ಕಡೆಯವನೇ ಇರಬೇಕು. ಅತ್ತಿ ಗೊರಕೆ ಹೊಡೆಯುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಅವಳ ತಲೆಯ ಮೇಲೆ ಒಂದು ಗಟ್ಟಿ ಮಾಡು ಇತ್ತು.

ಬೆಳಿಗ್ಗೆ ಡಾಕ್ಟರು ಪಟ್ಟಿ ಬಿಚ್ಚಿದರು. ಮುಖದ ಮುಂದೆ ಕೈ ಹಿಡಿದು, "ಆಜಿ, ಎಷ್ಟು ಬೆರಳು?" ಎಂದರು.

"ಮೂರು. ನಡುವಿಂದರ ಉಗುರು ಬೆಳದದ, ತೆಕ್ಕೊಳ್ರಿ."

ಡಾಕ್ಟರು ಕೈ ಹಿಂದಕ್ಕೆ ಎಳೆದುಕೊಂಡು ನಕ್ಕರು. ಅತ್ತಿ ನನ್ನ ಕಡೆ ತಿರುಗಿದಳು. ನೋಡಿದಳು, ನೋಡಿದಳು. ಬಡವಾಗಿದ್ದೀಯಲ್ಲ ಮಗಳೇ ಎಂದಾಳು ಎಂದುಕೊಂಡೆ.

"ಕೈ ತೋರ್ಸು," ಅಂದಳು.

ತೋರಿಸಿದೆ. ದವಾಖಾನೆಯ ಸಾಬೂನಿನಲ್ಲಿ ಆರು ಸಲ ತೊಳೆದಿದ್ದೆ, ಉಗುರುಗಳು ಇನ್ನೂ ನಿಂಬೆಹಣ್ಣಿನಂತಿದ್ದವು.

"ಕುಟ್ಟಿದ ಅರಿಶಿಣ ಆಗಿದ್ರ ಇಷ್ಟೊತ್ತಿಗಿ ಹೋಗ್ತಿತ್ತು. ಇದು ಜಾತ್ರಿ ಅಂಗಡೀದು. ನಿನ್ನ ಡಬ್ಬ್ಯಾಗಿಂದು. ನಿನ್ನೆ ವಾಸ್ನಿ ಬಂದಾಗೇ ಅಂದ್ಕೊಂಡೆ."

"ತಪ್ಪಾಯ್ತತ್ತಿ," ಅಂದೆ. "ದೇವರದು ಮುಟ್ಟಬಾರದಿತ್ತು."

"ದೇವರದು ಅಂತ ಯಾರಂದ್ರು? ದೇವರದು ಮನ್ಯಾಗ ಕುಟ್ಟಿ ಗಡಿಗ್ಯಾಗ ಬ್ಯಾರೆ ಇಟ್ಟೀನಿ. ಆ ಡಬ್ಬ್ಯಾಗಿಂದು ಬರೇ ಕಡ್ಲಿಹಿಟ್ಟು, ಬಣ್ಣ. ವಸ್ತ್ಯಾಗ ಸಣ್ಣ ಕೂಸಿಗೂ ಗೊತ್ತದ. ಯಾರ ಹಣಿಗಿ ಹಚ್ಚಂಗಿಲ್ಲ. ಇರವಿ ಬಂದಲ್ಲಿ ಹಾಕ್ಲಿಕ್ಕ ಅಂತ ಇಟ್ಟೀನಿ."

ಇಂಥ ಹೊತ್ತಿನಲ್ಲೂ ನನ್ನ ಬಾಯಿ ಸುಮ್ಮನಿರಬೇಕಲ್ಲ? "ಅದಕ್ಕ ಇರವಿ ಹೋಗ್ತಾವೇನು?"

"ಎಲ್ಲಿ ಹೋಗ್ತಾವ? ತಿಂತಾವ."

ಲಾತೂರಿನ ಆ ವೇದಿಕೆ ಕಣ್ಣ ಮುಂದೆ ಬಂತು. ಒಂದು ಕಾಳು ಹೆಚ್ಚಲ್ಲ, ಒಂದು ಕಾಳು ಕಡಿಮೆಯಲ್ಲ ಎಂದು ಮೇಜು ಗುದ್ದಿ ಹೇಳಿದ್ದೆ. ಭಕ್ತರೆಲ್ಲ ಮೂಸಿ ನೋಡಿ, ಅನುಮಾನಪಟ್ಟು, ಮನೆಯಲ್ಲೇ ಕುಟ್ಟಿಕೊಳ್ಳುತ್ತಿದ್ದರು. ಜಾತ್ರೆಯ ಭಂಡಾರ ಶುದ್ಧ ಅರಿಶಿಣವೆಂದು ಕಣ್ಣು ಮುಚ್ಚಿ ನಂಬಿದವಳು ಇಡೀ ತಾಲೂಕಿನಲ್ಲಿ ನಾನೊಬ್ಬಳೇ.

ಡಾಕ್ಟರು ಚೀಟಿ ಬರೆಯುತ್ತ, "ಆಜಿ, ಇನ್ನೊಂದು ಕಣ್ಣು ಮುಂದಿನ ತಿಂಗಳು ಮಾಡಮು. ಗಾಡಿ ನಿಂದರಸಲಿಕ್ಕ ಅಂಗಳದಾಗ ಜಾಗಾ ಬಿಡಸಿ ಇಡ್ತೀನಿ" ಎಂದರು. ಅಷ್ಟರೊಳಗೆ ಹೊಸ ರೇಡಿಯೇಟರ್ ಹಾಕಿಸುತ್ತೇನೆ, ಈ ಸಲ ಗ್ಯಾರಂಟಿ ಎಂದು ಹೇಳಲು ನಾನು ಬಾಯಿ ತೆರೆದೆ.

ಅತ್ತಿ ನನ್ನ ಬಾಯಿಗೆ ಅಡ್ಡವಾಗಿ ಅಂಗೈ ಹಿಡಿದಳು. ಈಗ ಕಣ್ಣು ಕಾಣುತ್ತಿತ್ತು, ಗುರಿ ತಪ್ಪಲಿಲ್ಲ.

"ಜಾಗಾ ಬ್ಯಾಡ್ರಿ ಸಾಹೇಬ್ರ. ಬಾಗಲ ಬಲ್ಲಿ ಖಾಟ್ ಇದ್ರ ಸಾಕು. ನಾ ಬಸ್ಸಿನಾಗ ಬರ್ತೀನಿ."